ಅಂತೇವಾಸಿ: ಮಸ್ಕಿಯ ಸೀಮೆಯ ಅಶೋಕಶಾಸನಗಳೂ ವೃತ್ತಿಗೆ ತೊಡಗುವ ತರುಣನ ಆಶ್ರಯವೂ

ರಾಯಚೂರು ಜಿಲ್ಲೆಯ ಮಸ್ಕಿಯ ಹೆಸರು ವಿದ್ವಲ್ಲೋಕದಲ್ಲಿ ಪ್ರಸಿದ್ಧಿಗೆ ಬಂದುದು ೧೯೧೫ರಲ್ಲಿ. ಆ ವರ್ಷ ಚಿನ್ನದ ಗಣಿಗಳ ಇಂಜಿನಿಯರರಾದ ಸಿ. ಬೀಡನ್ನರು ಅಲ್ಲಿಯ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಆ ಲಿಪಿಯನ್ನು ಓದಿ ಹೈದರಾಬಾದ್ ಪುರಾತತ್ತ್ವ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಪ್ರಕಟಿಸಿದರು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಅದುವರೆಗೆ ಸಿಂಹಳದ ವಂಶಕಥೆಗಳ ಆಧಾರದಿಂದ ಸಿದ್ಧವಾಗಿದ್ದ ಮಾತು. ಮಸ್ಕಿಯ ಬಂಡೆಯಲ್ಲಿ ಆ ಬಿರುದಿನ ಜೊತೆಗೇ ಅಶೋಕನೆಂಬ ಹೆಸರೂ ಇದ್ದುದರಿಂದ ಸಂಶಯಕ್ಕೆ ಎಡೆ ಉಳಿಯಲಿಲ್ಲ. ಮಸ್ಕಿಯ ಶಾಸನವನ್ನು ಕುರಿತು ಬರೆಯುವವರೆಲ್ಲರೂ ಈ ಸಂಗತಿಯಿಂದ ತೊಡಗಿ ಬಹುಮಟ್ಟಿಗೆ ಇದರಲ್ಲಿಯೇ ಮುಗಿಸುವರು. ಅರಸನ ಹೆಸರು ದೊರೆತ ಸಂಭ್ರಮದಲ್ಲಿ ಅರಸನು ಹೇಳಿದ ಮಾತು ಹಿಂದೆ ಬಿದ್ದಿತೆಂದರೆ ತಪ್ಪಾಗಲಾರದು.

ಆ ಮಾತಾದರೂ ಸಾಮಾನ್ಯವಾದುದಲ್ಲ. ಧರ್ಮದಲ್ಲಿ ತೊಡಗಿದವನು ಕ್ಷುದ್ರಕನಾದರೂ, ಎಂದರೆ ಕೆಳಗಿನ ಅಂತಸ್ತಿನವನಾದರೂ, ಈ ಫಲವನ್ನು ಪಡೆಯಬಲ್ಲನು. ಉದಾರಕನಾದವನೊಬ್ಬನೇ ಇದನ್ನು ಪಡೆಯುವನೆಂದು ಭಾವಿಸಬಾರದು. ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ತಿಳಿಸತಕ್ಕದ್ದು ಎಂಬುದು ಮಸ್ಕಿಯ ಪಾಠದ ತಾತ್ಪರ್ಯ. ಬ್ರಹ್ಮಗಿರಿಯ ಪಾಠದಲ್ಲಿ ದೊಡ್ಡವನಿಗೆ 'ಮಹಾತ್ಪ' ಎಂಬ ಶಬ್ದವಿರುವೆಡೆಯಲ್ಲಿ ಮಸ್ಕಿಯಲ್ಲಿ 'ಉಡಾಲಕ' ಎಂದಿದೆ, ಅರ್ಥದಲ್ಲಿ ಭೇದವಿಲ್ಲ. ಇದು ಧರ್ಮಸಾಧನೆಯನ್ನು ಕುರಿತ ಮಾತೇ ಹೊರತು ಜೀವನೋಪಾಯವನ್ನು ಕುರಿತುದಲ್ಲ. ಆದರೆ ಇದೇ ಶಾಸನಕ್ಕೆ ಒಡಹುಟ್ಟಿದಂತಿರುವ ಇನ್ನೊಂದು ಶಾಸನವುಂಟು. ವಿದ್ವಾಂಸರು ಅದನ್ನು ಎರಡನೆಯ ಲಘುಶಿಲಾಶಾಸನವೆಂದು ಕರೆಯುವರು. ಅದರಲ್ಲಿ ಅರಸನ ದೃಷ್ಟಿಯು ನೆಟ್ಟಗೆ ಲೋಕವ್ಯವಹಾರಕ್ಕೆ ಇಳಿದಿದೆ: ಗುರುವಿನ ಮನೆಯಲ್ಲಿದ್ದು ಕಸಬನ್ನು ಕಲಿಯುವ ಹುಡುಗನು ಹೇಗೆ ನಡೆದುಕೊಳ್ಳಬೇಕು, ಅವನ ವಿಷಯದಲ್ಲಿ ಇತರರು ಹೇಗೆ ನಡೆದುಕೊಳ್ಳಬೇಕು ಎಂಬುದು ಅಲ್ಲಿಯ ವಿಷಯ.

ಈ ಎರಡನೆಯ ಶಾಸನವು ಮಸ್ಕಿಯಲ್ಲಿಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿಯೂ ಇಲ್ಲ. ಆದರೆ ಮಸ್ಕಿಯಿಂದ ಸಿಂಧನೂರಿನ ಮೇಲೆ ಹೋಗಿ ತುಂಗಭದ್ರೆಯನ್ನು ದಾಟಿದರೆ ಸಿರುಗುಪ್ಪದ ಸೀಮೆಯಲ್ಲಿ ನಿಟ್ಟೂರು, ಉಡೆಗೋಳಗಳೆಂಬ ಗ್ರಾಮಗಳಿವೆ. ಅಲ್ಲಿ ೧೯೭೦ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದ ಬಂಡೆಗಳಲ್ಲಿ ಎರಡು ಶಾಸನಗಳೂ ಇವೆ, ಅಶೋಕನ ಹೆಸರೂ ಇದೆ. ಇನ್ನೂ ತೆಂಕಲಿಗೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಬಿ. ಎಲ್. ರೈಸರು ೧೮೯೨ರಲ್ಲಿ ಪ್ರಸಿದ್ಧಪಡಿಸಿದ ಮೂರು ಪಾಠಗಳಿವೆ. ಮೂಡಲಿಗೆ ಆಂಧ್ರದ ಕರ್ನೂಲು ಸೀಮೆಯಲ್ಲಿ ಎರ್ರಗುಡಿ, ರಾಜುಲಮಂದಗಿರಿಗಳವು ಎರಡು. ಇಷ್ಟೇ ಏಳು. ಉತ್ತರದೇಶದಲ್ಲಿ ಮೊದಲನೆಯ ಲಘುಶಿಲಾಶಾಸನದ ಪ್ರತಿಗಳು ಹಲವು ದೊರೆತಿದ್ದರೂ ಎರಡನೆಯದರ ಪ್ರತಿಯೊಂದೂ ಈವರೆಗೆ ಅಲ್ಲಿ ದೊರೆತಿಲ್ಲ. ಅಂತೇವಾಸಿಗಳನ್ನು ಕುರಿತ ಈ ರಾಜಾಜ್ಞೆಯು ಕೃಷ್ಣಾ ತುಂಗಭದ್ರೆಗಳ ಸುತ್ತಣ ನಾಡಿಗೇ ವಿಶಿಷ್ಟವಾಗಿರುವುದು ಆಲೋಚಿಸತಕ್ಕ ವಿಷಯ.

ಏಳರಲ್ಲಿ ವಿಸ್ತಾರವಾದ ಪಾಠವೊಂದು ಎರ್ರಗುಡಿಯದು. ಅದರ ಅಭಿಪ್ರಾಯವನ್ನು ಕನ್ನಡದಲ್ಲಿ ಹೀಗೆ ಸಂಗ್ರಹಿಸಬಹುದು. ದೇವಾನಾಂಪ್ರಿಯನು ಹೇಳಿದಂತೆ ನಡೆಯಬೇಕು. ರಜ್ಜುಕನಿಗೆ ಆಜ್ಞೆಯಾಗಬೇಕು, ಅವನು ಜಾನಪದರಿಗೂ ರಾಷ್ಟ್ರಿಕರಿಗೂ ಆಜ್ಞಾಪಿಸುವನು. ತಾಯಿತಂದೆಗಳ ಶುಶ್ರೂಷೆ, ಗುರುಶುಶ್ರೂಷೆ, ಪ್ರಾಣಿದಯೆ, ಸತ್ಯವಚನ ಇವೇ ಧರ್ಮಗುಣಗಳು. ಹೀಗೆಯೇ ಹಸ್ತ್ಯಾರೋಹರಿಗೂ ಕರಣಕರಿಗೂ ಯುಗ್ಯಾಚಾರ್ಯರಿಗೂ ಬ್ರಾಹ್ಮಣರಿಗೂ ಆಜ್ಞಾಪಿಸಿರಿ. ಪುರಾತನವಾದ ಪದ್ಧತಿಯು ಹೇಗಿದೆಯೋ ಹಾಗೆ ಅಂತೇವಾಸಿಗಳನ್ನು ನೆಲೆಗೊಳಿಸಿರಿ. ಆಚಾರ್ಯನಿಗೆ ಗೌರವ ಸಲ್ಲಬೇಕು. ಆಚಾರ್ಯನ ಬಂಧುಗಳಿದ್ದರೆ ಅವರಲ್ಲಿಯೂ ಯಥಾರ್ಹವಾಗಿ ನಡೆಯಬೇಕು. ಅಂತೇವಾಸಿಗಳಲ್ಲಿಯೂ ಹಾಗೆಯೇ, ಪುರಾತನ ಪದ್ಧತಿಯಂತೆ, ಯಥಾರ್ಹವಾಗಿ ನಡೆಯಬೇಕು. ಇದು ಅಭಿವೃದ್ಧಿಯನ್ನು ಹೊಂದುವಂತೆ ಮಾಡಿರಿ.

ಇಲ್ಲಿ ಹೆಸರಿಸಿದ ನಾಲ್ಕು ವರ್ಗಗಳನ್ನು ನೋಡಬೇಕು. ಹಸ್ತ್ಯಾರೋಹನು ಆನೆಯನ್ನು ಏರಿ ನಡೆಸುವವನು. ಕರಣಕನು ಲೆಕ್ಕಪತ್ರಗಳನ್ನು ಬರೆಯುವವನು. ಕರಣ, ಕರಣಿಕ ಎಂಬ ರೂಪಗಳಲ್ಲಿ ಈ ಮಾತು ಕನ್ನಡದ ಶಾಸನಗಳಲ್ಲಿ ಬಾಳಿ, ಕರಾವಳಿಯ ಗ್ರಾಮಕರಣಿಕನವರೆಗೆ ನಡೆದುಬಂದಿದೆ. ಯುಗ್ಯಾಚಾರ್ಯನೆಂದರೆ ನೊಗಕ್ಕೆ ಹೂಡುವ ಪಶುಗಳನ್ನೂ ರಥಗಳನ್ನೂ ಪಳಗಿಸಿ ನಡೆಸುವ ವಿದ್ಯೆಯ ಗುರುವೆಂದು ಬಹುಜನರು ಅರ್ಥಮಾಡಿರುವರು. ನಾಲ್ಕನೆಯವನು ವೇದಶಾಸ್ತ್ರಗಳ ಉಪಾಧ್ಯಾಯನಾದ ಬ್ರಾಹ್ಮಣ. ಬ್ರಾಹ್ಮಣನನ್ನು ಕೊನೆಗಿಟ್ಟು ಮಾವುತನನ್ನು ಮೊದಲಿಗಿಟ್ಟ ಈ ಪಟ್ಟಿಯು ವರ್ಣಕ್ರಮವನ್ನು ಅನುಸರಿಸಿದುದಲ್ಲ. ನಾಲ್ವರಿಗೂ ಸಮಾನವಾದ ಧರ್ಮವೊಂದೇ: ಇವರೆಲ್ಲರೂ ಕಲಿಸುವವರು, ಇವರ ಬಳಿಯಲ್ಲಿ ಕಲಿಯುವ ಹುಡುಗರಿರುವರು. ವೇದವನ್ನು ಕಲಿಯುವವನಿಗೂ ಅಂಕುಶವನ್ನು ಹಿಡಿಯಲು ಕಲಿಯುವವನಿಗೂ ಅಂತೇವಾಸಿಯೆಂಬ ಹೆಸರೊಂದೇ. ಹಳಗಾಲದ ವಿದ್ಯಾಭ್ಯಾಸವನ್ನು ಕುರಿತು ಬರೆಯುವವರು ಗುರುಕುಲವೆಂದೊಡನೆ ಸಮಿತ್ತನ್ನು ಹೊತ್ತ ಬ್ರಹ್ಮಚಾರಿಯನ್ನು ಮಾತ್ರ ಕಣ್ಣಮುಂದೆ ತಂದುಕೊಳ್ಳುವುದು ಎಷ್ಟು ಅಸಮಗ್ರವೆಂಬುದಕ್ಕೆ ಈ ಒಂದು ವಾಕ್ಯವೇ ಸಾಕು.

ಇನ್ನು ಬ್ರಹ್ಮಗಿರಿಯ ಪಾಠದೊಡನೆ ಹೋಲಿಸಿದರೆ ಮುಖ್ಯವಾದ ಅಂತರವೊಂದು ಕಾಣಬರುತ್ತದೆ. ಬ್ರಹ್ಮಗಿರಿಯಲ್ಲಿ ವೃತ್ತಿಗಳ ಹೆಸರಿಲ್ಲ. ಅಂತೇವಾಸಿಯು ಆಚಾರ್ಯನನ್ನು ಪೂಜಿಸಬೇಕು, ಬಂಧುಗಳಲ್ಲಿ ಯಥಾರ್ಹವಾಗಿ ವರ್ತಿಸಬೇಕು, ಇದು ಪುರಾತನ ಪದ್ಧತಿ, ಇದು ದೀರ್ಘಾಯುಷ್ಯಕ್ಕೆ ಕಾರಣ ಎಂದಿಷ್ಟೇ ಇದೆ. ಕರ್ತವ್ಯವೆಲ್ಲವೂ ಹುಡುಗನದು, ಅವನಿಗೆ ಸಲ್ಲತಕ್ಕುದು ಏನೆಂಬುದರ ಮಾತೇ ಇಲ್ಲ. ೧೯೨೯ರ ಸುಮಾರಿಗೆ ಎರ್ರಗುಡಿಯ ಪಾಠವು ದೊರೆಯುವವರೆಗೆ ಪಂಡಿತರ ಮುಂದಿದ್ದುದು ಚಿತ್ರದುರ್ಗದ ಈ ಪಾಠಗಳೇ ಆದುದರಿಂದ, ಅಶೋಕನು ಶಿಷ್ಯರಿಗೆ ವಿಧೇಯತೆಯನ್ನು ಬೋಧಿಸಿದನೆಂಬ ಅಭಿಪ್ರಾಯವೇ ಬೇರೂರಿತು. ಎರ್ರಗುಡಿಯ ಪಾಠದಲ್ಲಿ 'ಅಂತೇವಾಸೀಸು' ಎಂಬ ಸಪ್ತಮೀ ಬಹುವಚನವಿದೆ. ಇದನ್ನು ಅಂತೇವಾಸಿಗಳು ತಮ್ಮತಮ್ಮೊಳಗೆ ನಡೆದುಕೊಳ್ಳಬೇಕಾದ ರೀತಿಯೆಂದು ಎಳೆಯುವವರೂ ಉಂಟು. ಆದರೆ ಅದರ ಹಿಂದಣ ವಾಕ್ಯದಲ್ಲಿಯೇ 'ನಾತಿಕೇಸು' ಎಂಬ ಅದೇ ವಿಭಕ್ತಿಯು 'ಬಂಧುಗಳ ವಿಷಯದಲ್ಲಿ' ಎಂಬರ್ಥವನ್ನು ನಿಸ್ಸಂದೇಹವಾಗಿ ಕೊಡುತ್ತಿರುವಾಗ, ಅದೇ ಕ್ರಿಯಾಪದದೊಡನೆ ಬಂದ 'ಅಂತೇವಾಸೀಸು' ಎಂಬುದಕ್ಕೆ ಬೇರೆ ಅರ್ಥವನ್ನು ಕಲ್ಪಿಸುವುದು ಕ್ಲಿಷ್ಟವಾಗುವುದು. ಕಲಿಯುವವನ ವಿಷಯದಲ್ಲಿಯೂ ಯೋಗ್ಯವಾದ ನಡತೆಯು ಸಲ್ಲತಕ್ಕುದೆಂಬುದೇ ಸರಳವಾದ ಅರ್ಥ. ಹಾಗಾದರೆ ಇದು ಎರಡು ಕಡೆಗೂ ಕಟ್ಟು. ಹುಡುಗನಿಗೆ ವಿಧಿಸಿದ ವಿನಯಕ್ಕೆ ಎದುರಾಗಿ ಅವನಿಗೆ ಕೊಟ್ಟ ಭರವಸೆ.

'ನಿವೇಸಯಾಥ' ಎಂಬ ಕ್ರಿಯಾಪದವೂ ವಿಚಾರಾರ್ಹವಾದುದು. ಸಾಮಾನ್ಯವಾಗಿ ಇದಕ್ಕೆ 'ಉಪದೇಶಿಸಿರಿ' ಎಂದು ಅನುವಾದ ಮಾಡುವರು. ನಿವೇಶವೆಂದರೆ ನೆಲೆ, ಮನೆ, ಬೀಡು. ಈ ಧಾತ್ವರ್ಥವನ್ನು ಮನಸ್ಸಿನಲ್ಲಿಟ್ಟು ಓದಿದರೆ ಬರಿಯ ಬುದ್ಧಿವಾದಕ್ಕಿಂತ ಹೆಚ್ಚಿನದೇನೋ ಇಲ್ಲಿ ಹೊಳೆಯುತ್ತದೆ. ಅಂತೇವಾಸಿಯನ್ನು ಒಂದು ನೆಲೆಗೆ ಹಚ್ಚುವುದೆಂಬ ಧ್ವನಿಯಿದೆ. ಇದನ್ನು ಸಿದ್ಧಾಂತವೆಂದು ಹಿಡಿಯದೆ ಸೂಚನೆಯೆಂದು ಇಟ್ಟುಕೊಳ್ಳುವುದು ಲೇಸು.

ಅರಸನಿಗೆ ಇದರಲ್ಲಿ ಇಷ್ಟು ಆಸ್ಥೆಯೇಕೆ? ಕರುಣೆಯೊಂದೇ ಕಾರಣವೆಂದರೆ ಚರಿತ್ರೆಯಾಗದು. ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನಿಂದಲೂ ಮಹಾಮಾತ್ರರಿಂದಲೂ ಇಸಿಲದ ಮಹಾಮಾತ್ರರಿಗೆ ಹೋದ ಆಜ್ಞೆ. ಈ ಸುವರ್ಣಗಿರಿಯನ್ನು ಕೆಲವರು ಮಸ್ಕಿಯೆಂದೂ ಕೆಲವರು ಅದರ ದಕ್ಷಿಣಕ್ಕಿರುವ ಕನಕಗಿರಿಯೆಂದೂ ಮತ್ತೆ ಕೆಲವರು ಎರ್ರಗುಡಿಯ ನೆರೆಯ ಜೊನ್ನಗಿರಿಯೆಂದೂ ಊಹಿಸಿರುವರು. ಯಾವುದೇ ಆಗಲಿ, ಹೊನ್ನಿನ ನಾಡು ಇದೇ. ಮಸ್ಕಿಯ ಸುತ್ತ ಪ್ರಾಚೀನ ಗಣಿಗಳ ಕುರುಹುಗಳಿವೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಹಿಂದಿನವರು ಬಂಡೆಯೊಳಗೆ ಬಹುದೂರ ಇಳಿದು ತೋಡಿದ ಕುಳಿಗಳು ಹೊಸ ಕಾಲದ ಗಣಿಗಾರರನ್ನು ಬೆರಗುಗೊಳಿಸಿದುವು. ಇಂತಹ ದೂರದ ಪ್ರಾಂತವನ್ನು ಆಳಬೇಕಾದರೆ ಬರೆಯುವವರು ಬೇಕು, ಬಂಡಿಗಳನ್ನು ನಡೆಸುವವರು ಬೇಕು, ಆನೆಗಳನ್ನು ಪಳಗಿಸುವವರು ಬೇಕು. ಅವರೆಲ್ಲರನ್ನೂ ಪಾಟಲಿಪುತ್ರದಿಂದ ಕರೆತರಲಾಗದು. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡನೆಂಬವನು ತಾನು ಲಿಪಿಕರನೆಂಬುದನ್ನು ಖರೋಷ್ಠೀ ಅಕ್ಷರಗಳಲ್ಲಿ ಬರೆದುಕೊಂಡಿದ್ದಾನೆ; ವಾಯವ್ಯದೇಶದ ಲಿಪಿಯನ್ನು ಬಲ್ಲ ಅಂತಹವರು ಕೆಲವರು ಬಂದಿರಬಹುದು. ಎರ್ರಗುಡಿಯ ಬಂಡೆಯಲ್ಲಿಯಾದರೋ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಓಡಿ ಓದುಗರನ್ನು ಕಂಗೆಡಿಸುತ್ತವೆ. ಕಲಿಯುವವರನ್ನು ಕುರಿತ ಆಜ್ಞೆಯನ್ನು ಕೊರೆದ ಕೈಯೇ ಇನ್ನೂ ಕಲಿಯುತ್ತಿದ್ದಿತೋ ಏನೋ ಎಂದು ಯಾರಾದರೂ ನಕ್ಕರೆ ತಪ್ಪಿಲ್ಲ.

ಹೀಗೆ ರಾಜ್ಯದ ಅಗತ್ಯವೂ ತರುಣನ ಅಗತ್ಯವೂ ಒಂದೆಡೆ ಸೇರಿದುವು. ಆದರೆ ಅರಸನು ಹೊಸ ಸಂಸ್ಥೆಯನ್ನೇನೂ ಕಟ್ಟಲಿಲ್ಲ. ಬೊಕ್ಕಸದಿಂದ ಕೊಡುವ ಮಾತನ್ನೂ ಆಡಲಿಲ್ಲ. 'ಪೋರಾಣಾ ಪಕಿತಿ', ಪುರಾತನವಾದ ಪ್ರಕೃತಿ ಎಂದು ಎರಡೆರಡು ಬಾರಿ ಹೇಳಿದನು. ಆ ಪುರಾತನ ಪದ್ಧತಿಯಾವುದೆಂಬುದನ್ನು ಶಾಸನವು ವಿವರಿಸುವುದಿಲ್ಲ. ಓದುವವರಿಗೆ ಗೊತ್ತಿದ್ದುದನ್ನು ವಿವರಿಸುವವರಾರು? ಅದನ್ನು ಗ್ರಂಥಗಳಿಂದ ತಿಳಿಯಬೇಕಾಗಿದೆ.

ಪಾಲಿಯ ಜಾತಕಗಳಲ್ಲಿ ತಕ್ಷಶಿಲೆಯ ಶಿಷ್ಯರನ್ನು ಎರಡು ಬಗೆಯಾಗಿ ಹೇಳಿದೆ: ಆಚಾರ್ಯನ ಪಾಲನ್ನು ಹಣವಾಗಿ ತೆತ್ತು ಕಲಿಯುವವರು ಒಂದು ಬಗೆ, ಹಣವಿಲ್ಲದೆ ಹಗಲೆಲ್ಲ ಗುರುವಿನ ಮನೆಯ ಕೆಲಸವನ್ನು ಮಾಡಿ ಇರುಳಲ್ಲಿ ಕಲಿಯುವ ಧರ್ಮಾಂತೇವಾಸಿಕರು ಇನ್ನೊಂದು ಬಗೆ. ಬಡವನಿಗೆ ಬಾಗಿಲು ಮುಚ್ಚಿರಲಿಲ್ಲ. ಆದರೆ ಅವನು ಹಗಲನ್ನು ತೆರಬೇಕಾಗಿತ್ತು. ಕಸಬನ್ನು ಕಲಿಯುವವನ ಸ್ಥಿತಿಯನ್ನು ಇನ್ನೂ ಸ್ಪಷ್ಟವಾಗಿ ಕಟ್ಟಿಕೊಟ್ಟವನು ನಾರದಸ್ಮೃತಿಯ ಕರ್ತೃ. ಸ್ವಶಿಲ್ಪವನ್ನು ಕಲಿಯಬಯಸುವ ಹುಡುಗನು ಬಾಂಧವರ ಅನುಮತಿಯನ್ನು ಪಡೆದು, ಇಷ್ಟು ಕಾಲವೆಂದು ಮೊದಲೇ ನಿಶ್ಚಯಿಸಿಕೊಂಡು ಆಚಾರ್ಯನ ಬಳಿಯಲ್ಲಿ ವಾಸಿಸಬೇಕು. ಆಚಾರ್ಯನು ಅವನಿಗೆ ತನ್ನ ಮನೆಯಲ್ಲಿಯೇ ಊಟವಿಕ್ಕಿ ಕಲಿಸಬೇಕು, ಬೇರೆ ಕೆಲಸವನ್ನು ಮಾಡಿಸಬಾರದು, ಮಗನಂತೆ ಕಾಣಬೇಕು. ಇಷ್ಟು ಹೇಳಿದ ಮೇಲೆ ಸ್ಮೃತಿಯ ದನಿಯು ಗಡುಸಾಗುವುದು. ದೋಷವಿಲ್ಲದ ಗುರುವನ್ನು ಬಿಟ್ಟುಹೋದ ಶಿಷ್ಯನನ್ನು ಬಲಾತ್ಕಾರದಿಂದ ಹಿಡಿದಿರಿಸಬಹುದು. ಅವನು ಪೆಟ್ಟಿಗೂ ಬಂಧನಕ್ಕೂ ಅರ್ಹನು. ಗೊತ್ತುಮಾಡಿದ ಕಾಲಕ್ಕೆ ಮೊದಲೇ ವಿದ್ಯೆಯು ಬಂದರೂ ಅವನು ಉಳಿದ ಕಾಲವನ್ನು ಅಲ್ಲಿಯೇ ಕಳೆಯಬೇಕು, ಆಗಿನ ದುಡಿಮೆಯ ಫಲವು ಗುರುವಿಗೆ. ಕಾಲವು ತೀರಿದ ಮೇಲೆ ಆಚಾರ್ಯನಿಗೆ ಪ್ರದಕ್ಷಿಣೆ ಮಾಡಿ, ಶಕ್ತಿಯಿದ್ದಷ್ಟು ಸತ್ಕರಿಸಿ, ಮನೆಗೆ ಹಿಂದಿರುಗಬೇಕು.

ಈ ಅಂತೇವಾಸಿಯನ್ನು ನಾರದನು ಯಾರ ಸಾಲಿನಲ್ಲಿ ಕೂರಿಸಿರುವನೆಂಬುದನ್ನು ಮರೆಯಬಾರದು. ಶುಶ್ರೂಷಕರು ಐದು ಬಗೆ: ಶಿಷ್ಯ, ಅಂತೇವಾಸಿ, ಭೃತಕ, ಅಧಿಕರ್ಮಕೃತ್, ದಾಸ. ಮೊದಲ ನಾಲ್ವರು ಕರ್ಮಕರರು, ಕೊನೆಯವನು ದಾಸ. ಆದರೆ ಐವರೂ ಅಸ್ವತಂತ್ರರೇ. ಕಸಬಿಗೆ ತೊಡಗುವ ಹುಡುಗನಿಗೆ ದೊರೆತ ಆಸರೆಯು ದಾಸ್ಯಕ್ಕೆ ಮೂರು ಮೆಟ್ಟಲು ಮೇಲಿತ್ತು, ಅಷ್ಟೆ.

ಈ ಧರ್ಮಶಾಸ್ತ್ರವು ಮಸ್ಕಿಯ ಸೀಮೆಗೆ ಪರದೇಶದ್ದಾಗಿ ಉಳಿಯಲಿಲ್ಲ. ಮಧ್ಯಕಾಲದ ಶಾಸನಗಳಲ್ಲಿ ಪಿರಿಯ ಮೊಸಂಗಿಯೆಂದು ಕರೆಯಿಸಿಕೊಂಡ ಈ ಊರು ಚಾಲುಕ್ಯರ ಆಳಿಕೆಯಲ್ಲಿದ್ದ ಕಾಲದಲ್ಲಿ, ಅವರ ರಾಜಧಾನಿಯಾದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬–೧೧೨೬) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾವ್ಯಾಖ್ಯಾನವನ್ನು ಬರೆದನು. ಅಂತೇವಾಸಿಯು ಕಲಿತ ಮೇಲೂ ಒಪ್ಪಿದ ಕಾಲದವರೆಗೆ ಗುರುಗೃಹದಲ್ಲಿರಬೇಕು, ಗುರುವು ಅವನಿಗೆ ಅನ್ನವನ್ನು ಕೊಡಬೇಕು, ಅವನು ದುಡಿಮೆಯ ಫಲವನ್ನು ಗುರುವಿಗೆ ಕೊಡಬೇಕು ಎಂಬ ಯಾಜ್ಞವಲ್ಕ್ಯನ ವಿಧಿಯನ್ನು ವಿವರಿಸುವಲ್ಲಿ ವಿಜ್ಞಾನೇಶ್ವರನು ಒಂದು ದೃಷ್ಟಾಂತವನ್ನು ಕೊಡುತ್ತಾನೆ: ಆಯುರ್ವೇದವೇ ಮೊದಲಾದ ಶಿಲ್ಪವನ್ನು ಕಲಿಯುವುದಕ್ಕಾಗಿ ನಾಲ್ಕು ವರ್ಷ ನಿನ್ನ ಮನೆಯಲ್ಲಿರುವೆನೆಂದು ಒಪ್ಪಿಕೊಂಡ ಹುಡುಗನು, ನಾಲ್ಕು ವರ್ಷಕ್ಕೆ ಒಳಗಾಗಿಯೇ ಅದನ್ನು ಕಲಿತುಬಿಟ್ಟರೂ ಅಷ್ಟು ಕಾಲವನ್ನು ತುಂಬತಕ್ಕದ್ದು. ಮೇಲುನೋಟಕ್ಕೆ ಇದು ಗುರುವಿನ ಪಕ್ಷಪಾತ. ಆದರೆ ಮೊದಲ ವರ್ಷಗಳಲ್ಲಿ ಹುಡುಗನ ಕೈಯಿಂದ ಗುರುವಿಗೆ ಬರುವುದು ನಷ್ಟವೇ: ಸಾಮಾನು ಕೆಡುವುದು, ಅನ್ನವು ವೆಚ್ಚವಾಗುವುದು, ತನ್ನ ಹೊತ್ತು ಹೋಗುವುದು. ಕೊನೆಯ ವರ್ಷದ ದುಡಿಮೆಯಿಂದ ಆ ನಷ್ಟವು ತುಂಬುವುದೆಂಬ ನಂಬಿಕೆಯಿಲ್ಲದಿದ್ದರೆ ಹಣವಿಲ್ಲದವನ ಮಗನನ್ನು ಮನೆಗೆ ಸೇರಿಸಿಕೊಳ್ಳುವ ಗುರುವು ದುರ್ಲಭನಾಗುತ್ತಿದ್ದನು. ಕಾಲದ ಕಟ್ಟು ಬಡವನ ಶುಲ್ಕವಾಗಿತ್ತು.

ಕಟ್ಟು ಗುರುವಿಗೂ ಇತ್ತೆಂಬುದನ್ನು ಕಾತ್ಯಾಯನನ ವಚನವೊಂದು ಖಚಿತಪಡಿಸುತ್ತದೆ. ಶಿಲ್ಪವನ್ನು ಕಲಿಸದೆ ಬೇರೆ ಕೆಲಸಗಳನ್ನೇ ಮಾಡಿಸುವ ಗುರುವು ಪೂರ್ವಸಾಹಸದಂಡವನ್ನು ತೆರಬೇಕು, ಶಿಷ್ಯನು ಅವನನ್ನು ಬಿಟ್ಟುಬರಬಹುದು ಎಂದು ಆತನ ಮತ. ಅಶೋಕನ 'ಯಥಾರ್ಹ'ವೆಂಬ ಮಾತಿಗೆ ದಂಡದ ಬಲವು ಬಂದುದು ಇಲ್ಲಿ. ಹುಡುಗನನ್ನು ನೀರು ಹೊರಲೂ ದನ ಕಾಯಲೂ ಹಚ್ಚಿ ಉಳಿಯನ್ನು ಕೈಗೆ ಕೊಡದ ಗುರುಗಳು ಇದ್ದೇ ಇದ್ದರೆಂಬುದು ಈ ವಚನದಿಂದ ತಾನಾಗಿ ತಿಳಿಯುವುದು. ಇಲ್ಲದ ದೋಷಕ್ಕೆ ದಂಡವನ್ನು ವಿಧಿಸುವವರಿಲ್ಲ. ಶಿಲ್ಪಿಗಳು ಗುಂಪಾಗಿ ದುಡಿದಾಗ ಸಂಪಾದನೆಯನ್ನು ಹಂಚುವ ಕ್ರಮವನ್ನು ಹೇಳುವ ಇನ್ನೊಂದು ಸ್ಮೃತಿವಚನದಲ್ಲಿ ಕಲಿಯುವವನು, ಬಲ್ಲವನು, ಕುಶಲನು, ಆಚಾರ್ಯನು ಇವರಿಗೆ ಕ್ರಮವಾಗಿ ಒಂದು, ಎರಡು, ಮೂರು, ನಾಲ್ಕು ಭಾಗಗಳೆಂದಿದೆ. ಹತ್ತರಲ್ಲಿ ಒಂದು ಪಾಲು ಚಿಕ್ಕದೇ. ಆದರೂ ಅದು ಭಿಕ್ಷೆಯಲ್ಲ, ಪಾಲು. ಆಚಾರ್ಯನೂ ಒಮ್ಮೆ ಆ ಒಂದರಿಂದಲೇ ತೊಡಗಿದವನು.

ಕನ್ನಡ ಶಬ್ದಭಂಡಾರವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಉಪಾಧ್ಯಾಯನೆಂಬುದರ ತದ್ಭವವಾದ ಓಜ ಎಂಬ ಮಾತಿಗೆ ಹಳಗನ್ನಡದಲ್ಲಿ ಗುರುವೆಂದರ್ಥ. ಪಟ್ಟದಕಲ್ಲಿನ ಪಾಪನಾಥ ದೇವಾಲಯದ ಲಿಪಿಯಲ್ಲಿ ರೇವಡಿ ಓವಜ್ಜನೆಂಬ ಶಿಲ್ಪಿಯ ಹೆಸರಿದೆ. ಬೇಲೂರಿನ ವಿಗ್ರಹಗಳ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗನಾದ ಚಾವಣನ ಹೆಸರೂ ಇವೆ. ಕಲ್ಲುಕುಟಿಗನಿಗೂ ಅಕ್ಕಸಾಲಿಗನಿಗೂ ಕಮ್ಮಾರನಿಗೂ ಹೆಸರಿನ ತುದಿಯಲ್ಲಿ ಗುರುವಾಚಕವನ್ನೇ ಹಚ್ಚಿದ ನಾಡು, ಆ ಕಸಬುಗಳನ್ನು ಕಲಿಸತಕ್ಕ ವಿದ್ಯೆಗಳೆಂದು ಎಣಿಸಿದ್ದಿತಲ್ಲವೆ?

ಗುರುವಿನ ಮನೆಯಲ್ಲದೆ ಊರೇ ತರುಣನ ಭಾರವನ್ನು ಹೊತ್ತ ನಿದರ್ಶನಗಳೂ ಕನ್ನಡನಾಡಿನಲ್ಲಿವೆ. ವಿಜಯಪುರ ಜಿಲ್ಲೆಯ ಸಾಲೊಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಗೆ ಕ್ರಿ. ಶ. ೯೪೫ರ ಶಾಸನವು ೫೦೦ ನಿವರ್ತನ ಭೂಮಿಯನ್ನೂ ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕಾಗಿ ೨೭ ಮನೆಗಳನ್ನೂ ಹೇಳುತ್ತದೆ. ದೀಪದೆಣ್ಣೆಗೆಂದು ೧೨ ನಿವರ್ತನ, ಉಪಾಧ್ಯಾಯನಿಗೆ ೫೦ ನಿವರ್ತನ. ಇವು ದಾನಗಳು. ಅದಕ್ಕಿಂತ ಸ್ವಾರಸ್ಯವಾದುದು ಊರವರ ಕಟ್ಟಳೆ: ಅಲ್ಲಿಯ ಬ್ರಾಹ್ಮಣರು ಮದುವೆಯೊಂದಕ್ಕೆ ಐದು ಪುಷ್ಪಗಳನ್ನೂ (ಅದೊಂದು ನಾಣ್ಯ), ಉಪನಯನಕ್ಕೆ ಅದರ ಅರ್ಧವನ್ನೂ, ಚೌಲಕ್ಕೆ ಅದರ ಅರ್ಧವನ್ನೂ ಶಾಲೆಗೆ ಸಲ್ಲಿಸುವರು. ತಮ್ಮ ಮಕ್ಕಳ ಶುಭಕಾರ್ಯಗಳಲ್ಲಿ ಪರರ ಮಕ್ಕಳನ್ನು ನೆನೆಯುವ ಈ ವ್ಯವಸ್ಥೆಯು ಭೂದಾನಕ್ಕಿಂತ ಸೂಕ್ಷ್ಮವಾದುದು. ಕಲಬುರಗಿ ಜಿಲ್ಲೆಯ ನಾಗಾವಿಯ ೧೦೫೮ರ ಶಾಸನದಲ್ಲಿ ಇನ್ನೂರಕ್ಕೂ ಮಿಕ್ಕ ವಿದ್ಯಾರ್ಥಿಗಳ ಘಟಿಕಾಸ್ಥಾನವೂ ಅದರ ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀಭಂಡಾರಿಗರೂ ಕಾಣುವರು. ಆದರೆ ಈ ಎರಡೂ ವೇದಶಾಸ್ತ್ರಗಳನ್ನು ಓದುವವರಿಗೆ ಮಾತ್ರ. ಎರ್ರಗುಡಿಯ ಪಟ್ಟಿಯಲ್ಲಿ ಮಾವುತನ ಹುಡುಗನೂ ಬ್ರಾಹ್ಮಣನ ಹುಡುಗನೂ ಒಂದೇ ವಾಕ್ಯದಲ್ಲಿದ್ದರು; ಸಾವಿರದ ಇನ್ನೂರು ವರ್ಷಗಳ ಮೇಲೆ ಒಬ್ಬನಿಗೆ ಮನೆ, ದೀಪ, ಭೂಮಿಗಳು ದೊರೆತುವು, ಇನ್ನೊಬ್ಬನು ಗುರುವಿನ ಮನೆಯ ಅನ್ನದಲ್ಲಿಯೇ ಉಳಿದನು.

೧೯೫೪ರಲ್ಲಿ ಬಿ. ಕೆ. ಥಾಪರರು ಮಸ್ಕಿಯಲ್ಲಿ ಅಗೆಯಿಸಿದಾಗ ಅಕೀಕು, ಕೆಂಪುಮಣಿ, ಶಂಖ ಮೊದಲಾದುವುಗಳಿಂದ ಮಾಡಿದ ಮಣಿಗಳು ದೊರೆತುವು. ಗಟ್ಟಿಯಾದ ಕಲ್ಲಿನ ಮಣಿಗೆ ದಾರ ಪೋಣಿಸುವ ರಂಧ್ರವನ್ನು ಕೊರೆಯುವುದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ. ಕೊರೆಯುವಾಗ ಒಡೆದುಹೋಗುವ ಮಣಿಗಳ ವೆಚ್ಚವನ್ನು ಯಾರಾದರೂ ಸಹಿಸಲೇಬೇಕು. ಅಶೋಕನ ಪಟ್ಟಿಯಲ್ಲಿ ಮಣಿಗಾರನೂ ಇಲ್ಲ, ಗಣಿಯ ಕೆಲಸದವನೂ ಇಲ್ಲ; ಮಹಾಮಾತ್ರರ ಕೈಗೆ ಎಟುಕುವ ವೃತ್ತಿಗಳಷ್ಟೇ ಇವೆ. ಉಳಿದವರಿಗೆ ಆ ಬಂಡೆಯು ಹೇಳಿದುದು, ಕ್ಷುದ್ರಕನೂ ಪಡೆಯಬಲ್ಲನೆಂಬ ಮಾತೊಂದನ್ನೇ. ದುರ್ಗದಗುಡ್ಡದ ಬುಡದಲ್ಲಿ ಮಣಿಗಳನ್ನು ಕೊರೆಯಲು ಕಲಿತ ಹುಡುಗರಲ್ಲಿ ಅದನ್ನು ಓದಬಲ್ಲವನು ಒಬ್ಬನಾದರೂ ಇದ್ದನೋ ಇಲ್ಲವೋ, ಶಾಸನದ ಕೊನೆಯಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ಬಾಯಲ್ಲಿ ಹೇಳತಕ್ಕದ್ದೆಂಬ ವಿಧಿಯಿದೆ.